ಆಚೆ ದಡಕ್ಕೆ ಹೋಗದ ಕರೆ

ಮೆರಿಂಡೂ,
ಸೋಮವಾರ, ೧೧ ಮಾರ್ಚ್ ೧೯೭೪

ಪ್ರೀತಿಯ ಅಮ್ಮಾ,

ಸೊಂಟ ಈಗ ಹೇಗಿದೆ? ಕೋಲೂರಿಕೊಂಡು ಬಚ್ಚಲಿನವರೆಗೆ ಒಬ್ಬಳೇ ಹೋಗಿಬಂದೆ ಎಂದು ಡಾನ್ ಅಣ್ಣ ಬರೆದಿದ್ದಾನೆ. ತೋಳು ಹಿಡಿಯಲು ಬಂದ ನರ್ಸಿಗೆ ‘ನಾನೇನು ಉಣ್ಣೆ ಕತ್ತರಿಸೋಕೆ ತಂದ ಕುರಿಯಾ, ಹೀಗೆ ಹಿಡ್ಕೊಳ್ಳೋಕೆ?’ ಎಂದೆಯಂತೆ. ಓದಿ ನಕ್ಕೆ. ಆದರೂ ಮೂಳೆ ಪೂರ್ತಿ ಕೂಡಿಕೊಳ್ಳುವವರೆಗೆ ಅಣ್ಣನ ಮನೆಯ ಹಿಂದಿನ ಮೆಟ್ಟಿಲು ಇಳಿಯಬೇಡ. ಸಿಡ್ನಿಯ ಚಹಾ ಪಾತ್ರೆ ತೊಳೆದ ನೀರಿನ ಹಾಗಿದೆ ಎಂದಿದ್ದೆಯಲ್ಲ, ನಮ್ಮ ಡಬ್ಬಿಯಿಂದ ಒಂದು ಪೊಟ್ಟಣ ಕಟ್ಟಿಟ್ಟಿದ್ದೇನೆ, ಈ ಪತ್ರದ ಜೊತೆಗೇ ಬರುತ್ತದೆ. ನಿನ್ನ ಕೋಳಿಗಳೆಲ್ಲ ಕ್ಷೇಮ. ಕಂದು ಹುಂಜ ಮಾತ್ರ ಕೆಲ್‌ನನ್ನು ಕಂಡರೆ ಈಗಲೂ ಅಟ್ಟಿಸಿಕೊಂಡು ಹೋಗುತ್ತದೆ. ‘ಅತ್ತೆಗಷ್ಟೇ ಅಲ್ಲ, ಅತ್ತೆಯ ಹುಂಜಕ್ಕೂ ಅಳಿಯ ಅಂದ್ರೆ ಆಗಲ್ಲ’ ಎಂದು ನನ್ನ ಗಂಡ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ನಿನ್ನ ಮನೆಯಲ್ಲಿ ನಾವಿಬ್ಬರೂ ಇನ್ನೂ ನೆಂಟರ ಹಾಗೇ ಇದ್ದೇವೆ, ಯಾವ ಲೋಟ ಯಾವ ಗೂಟಕ್ಕೆ ಎಂಬುದು ಈ ಎರಡು ತಿಂಗಳಲ್ಲೂ ಬಾಯಿಪಾಠವಾಗಿಲ್ಲ.

ಈ ಪತ್ರವನ್ನು ಮೂರು ಸಲ ಶುರುಮಾಡಿ ಹರಿದಿದ್ದೇನೆ. ನಿನಗೆ ಹೇಳಲೇಬೇಕಾದದ್ದು ಒಂದಿದೆ, ಅದನ್ನು ಹೇಳದೆ ಕೋಳಿ, ಚಹಾ ಎಂದು ಸುತ್ತುತ್ತಿದ್ದೇನೆ. ಗುರುವಾರ ಆಚೆ ದಡದ ಹಾಲ್‌ನಲ್ಲಿ ಗಡಿ ಪರಿಶೀಲನಾ ಆಯೋಗದವರು ಬಂದು ಕೂರುತ್ತಾರೆ. ನದಿಯ ನಡುವೆ ಎಳೆದಿರುವ ಕೌನ್ಸಿಲ್ ಗಡಿಯನ್ನು ಅಳಿಸಿ ನಮ್ಮ ಎರಡೂ ದಡಗಳನ್ನು ಒಂದೇ ಕೌನ್ಸಿಲ್‌ಗೆ ಸೇರಿಸಬೇಕೋ ಬೇಡವೋ ಎಂದು ಊರಿನವರನ್ನು ಕೇಳುತ್ತಾರೆ. ಅಲ್ಲಿ ನಾನು ಎದ್ದು ನಿಂತು ಒಂದು ನಿಜ ಹೇಳಬೇಕು. ಹೇಳದಿದ್ದರೆ ಗಡಿ ಇದ್ದಲ್ಲೇ ಇರುತ್ತದೆ. ಹೇಳಿದರೆ ಈ ಊರಿನಲ್ಲಿ ನನ್ನ ಮುಖ ನೋಡುವವರು ಯಾರಿರುತ್ತಾರೋ ಗೊತ್ತಿಲ್ಲ. ಭಯವಾಗಿದೆ ಅಮ್ಮಾ. ಚಿಕ್ಕವಳಿದ್ದಾಗ ಪಾಠ ಒಪ್ಪಿಸುವ ಮುಂಚೆ ಆಗುತ್ತಿತ್ತಲ್ಲ, ಅದೇ ಭಯ ನಲವತ್ತೇಳನೇ ವಯಸ್ಸಿನಲ್ಲಿ ಹತ್ತು ಪಟ್ಟಾಗಿ ಬಂದಿದೆ.

ಈ ಗಡಿಯನ್ನು ನೀನು ಎಂದೂ ಗಡಿ ಎಂದು ಒಪ್ಪಿದವಳಲ್ಲ. ಶಾಲೆ, ಪೋಸ್ಟಾಫೀಸು, ಫೋನ್ ಎಕ್ಸ್‌ಚೇಂಜು ಈ ದಡದಲ್ಲಿ. ಊರ ಹಾಲ್, ಚರ್ಚು, ಕ್ರಿಕೆಟ್ ಬಯಲು, ಅಪ್ಪ ಮಲಗಿರುವ ಜಾಗ ಆ ದಡದಲ್ಲಿ. ಸೇತುವೆ ದಾಟಿದರೆ ಮುಗಿಯಿತು, ಮುನ್ನೂರು ಹೆಜ್ಜೆ. ಆದರೂ ನಾವು ಗ್ಲೆನ್ವಾರ್ ಕೌನ್ಸಿಲ್‌ನವರು, ಅವರು ಟೆಂಬಿ ಕೌನ್ಸಿಲ್‌ನವರು. ಅವರ ಕಚೇರಿ ಇರುವುದು ನಲವತ್ತು ಮೈಲಿ ಆಚೆ, ಬೆಟ್ಟದ ಹಿಂದೆ, ಅಲ್ಲಿ ಈ ನದಿಯನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆಚೆ ದಡದ ಪರ್ಸಿ ಅಂಕಲ್ ಹೇಳುತ್ತಿದ್ದರಲ್ಲ, ‘ನಾನು ಸತ್ರೆ ಸುದ್ದಿ ಬರ್ಕೊಳ್ಳೋನು ಒಂದು ಕೌನ್ಸಿಲ್ಲು, ಗುಂಡಿ ತೋಡೋನು ಇನ್ನೊಂದು ಕೌನ್ಸಿಲ್ಲು. ಇಬ್ರೂ ಅವತ್ತೇ ಚಹಾಕ್ಕೆ ಹೋಗಿರ್ತಾರೆ ನೋಡು’ ಎಂದು. ಹಾಸಿಗೆ ಹಿಡಿದ ಅವರ ಹೆಂಡತಿ ಎಡಿ ಆಂಟಿ ಮಲಗಿದಲ್ಲಿಂದಲೇ ‘ನೀನು ಸಾಯೋ ಹಾಗೆ ಕಾಣ್ತಿಲ್ಲ, ಮೊದ್ಲು ಕಟ್ಟಿಗೆ ಒಡಿ’ ಎನ್ನುತ್ತಿದ್ದರು.

ನದಿ ಎಷ್ಟು ಅಡಿ ಏರಿದೆ ಎಂದು ತೋರಿಸುವ ಅಳತೆಗಂಬ ನಮ್ಮ ಹಿತ್ತಿಲ ಕೆಳಗಿದೆ, ಆದ್ದರಿಂದ ಅದು ಈ ದಡದ್ದು. ಆದರೆ ಅದರ ಅಂಕಿ ಎರಡೂ ದಡದ್ದು ಎಂದು ನೀನು ಇಪ್ಪತ್ತೇಳು ವರ್ಷ ನಡೆದುಕೊಂಡೆ. ಮೇಲಿನ ಕಣಿವೆಯಿಂದ ಅಲ್ಲಿಯ ಕಂಬದ ಅಂಕಿ ನಿನಗೆ ಫೋನಿನಲ್ಲಿ ಬರುತ್ತಿತ್ತು. ಅದನ್ನೂ ನಮ್ಮ ಕಂಬದ ಅಂಕಿಯನ್ನೂ ಸೇರಿಸಿ ನೋಡಿದರೆ ಆರು ಗಂಟೆ ಮುಂಚೆಯೇ ನದಿ ಎಲ್ಲಿಗೆ ಬಂದು ನಿಲ್ಲುತ್ತದೆಂದು ನಿನಗೆ ಗೊತ್ತಾಗುತ್ತಿತ್ತು. ಕೂಡಲೇ ಆಚೆ ದಡದ ಏಳು ಮನೆಗೆ ಫೋನ್. ತಗ್ಗಿನ ಮನೆ ಮೊದಲು, ಅಂದರೆ ಪರ್ಸಿ ಅಂಕಲ್‌ಗೆ. ನೀನು ಹಲೋ ಕೂಡ ಅನ್ನುತ್ತಿರಲಿಲ್ಲ. ‘ಹದಿನೆಂಟು, ಏರ್ತಿದೆ’ ಎಂದು ಇಟ್ಟುಬಿಡುತ್ತಿದ್ದೆ. ಅಷ್ಟಕ್ಕೇ ಅವರು ಹಸು ಹೊಡೆದುಕೊಂಡು, ಹಿಟ್ಟಿನ ಮೂಟೆ ಅಟ್ಟಕ್ಕೇರಿಸಿ, ಎಡಿ ಆಂಟಿಯನ್ನು ಟ್ರಕ್ಕಿನಲ್ಲಿ ಮಲಗಿಸಿ ಚರ್ಚಿನ ದಿಬ್ಬಕ್ಕೆ ಹೋಗುತ್ತಿದ್ದರು. ನದಿ ಬೇಲಿಯವರೆಗೆ ಬಂದು ಹಿಂದಿರುಗಿದ್ದು ಎಷ್ಟು ಸಲವೋ. ಹಾಗಾಗಿ ಅವರು ನೀರನ್ನು ನೋಡಿ ಹೆದರುವುದಿಲ್ಲ, ರೇಡಿಯೋ ಕೇಳಿಯೂ ಹೆದರುವುದಿಲ್ಲ. ‘ಸ್ಟರಾಕ್ ಮನೆಯಿಂದ ಫೋನ್ ಬಂತಾ?’ ಎಂದು ನಿನ್ನ ಹೆಸರು ಹಿಡಿದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಬಂದಿಲ್ಲವೆಂದರೆ ನದಿ ಬರುವುದಿಲ್ಲ. ಬೇರೆ ಊರಿನವರಿಗೆ ಇದು ಹುಚ್ಚು ಅನ್ನಿಸಬಹುದು.

ಈಗ ಹೇಳುತ್ತೇನೆ. ಫೆಬ್ರವರಿ ಒಂಬತ್ತರ ನೆರೆಯಲ್ಲಿ ಆಚೆ ದಡಕ್ಕೆ ಫೋನ್ ಹೋಗದೆ ಇದ್ದದ್ದು ತಂತಿ ಕಡಿದು ಬಿದ್ದದ್ದರಿಂದ ಎಂದು ನಿನಗೆ ಬರೆದಿದ್ದೆ. ಅದು ಸುಳ್ಳು. ತಂತಿ ಬಿದ್ದದ್ದು ಸಂಜೆ ನಾಲ್ಕು ಹೊಡೆದ ಮೇಲೆ. ಅಲ್ಲಿಯವರೆಗೆ ಫೋನ್ ಚೆನ್ನಾಗಿಯೇ ಇತ್ತು. ನಾನು ಮಾಡಲಿಲ್ಲ.

ಅದರ ಹಿಂದಿನ ಬುಧವಾರ ನಮ್ಮ ಕೌನ್ಸಿಲ್ ಕಾರ್ಯದರ್ಶಿ ಟ್ರೆಂಬತ್ ಅವರಿಂದ ಟೈಪು ಮಾಡಿದ ಪತ್ರ ಬಂದಿತ್ತು. ನೀನು ಆಸ್ಪತ್ರೆಯಲ್ಲಿದ್ದೀಯ, ಕಂಬ ಓದುವವಳು ಬದಲಾಗಿದ್ದಾಳೆ, ಆದ್ದರಿಂದ ನಿಯಮ ತಿಳಿಸುತ್ತಿದ್ದೇವೆ ಎಂದು. ಅಂಕಿಯನ್ನು ನಮ್ಮ ಕಚೇರಿಗೆ ಮಾತ್ರ ತಿಳಿಸತಕ್ಕದ್ದು, ಬೇರೆ ಕೌನ್ಸಿಲ್‌ನ ನಿವಾಸಿಗಳಿಗೆ ನೇರವಾಗಿ ತಿಳಿಸಕೂಡದು. ನಾನು ಫೋನ್ ಮಾಡಿ ಕೇಳಿದೆ. ಎಷ್ಟು ಮೃದುವಾಗಿ ಮಾತಾಡಿದರು ಗೊತ್ತೇ? ‘ಆಚೆ ದಡದೋರಿಗೆ ಅವರದೇ ಕೌನ್ಸಿಲ್ ಇದೆ, ಮಿಸೆಸ್ ಹಾರ್ಡಿ. ಎರಡು ಬಾಯಿಂದ ಎರಡು ಸುದ್ದಿ ಹೋದ್ರೆ ಜನ ಗಾಬರಿ ಆಗ್ತಾರೆ. ನಾಳೆ ನೀವು ಹೇಳಿದ್ದು ತಪ್ಪಾದ್ರೆ ಜವಾಬ್ದಾರಿ ಯಾರದು? ನಿಮ್ಮ ತಾಯಿ ಹಳೇ ಕಾಲದೋರು, ನಾವೂ ಕಂಡೂ ಕಾಣದ ಹಾಗೆ ಇದ್ವಿ.’ ನನಗೆ ಅದು ಸರಿಯೆನಿಸಿತು. ನಿನ್ನ ಹಾಗೆ ಅಂಕಿ ಕೂಡಿಸಿ ಲೆಕ್ಕ ಹೇಳುವ ಧೈರ್ಯ ನನಗಿರಲಿಲ್ಲ. ತಪ್ಪಾದರೆ ಎಂಬ ಒಂದೇ ಹೆದರಿಕೆ. ಹೇಳಬೇಡ ಎಂದಾಗ, ನಿಜ ಹೇಳಲೇ, ಹೆಗಲ ಮೇಲಿನ ಹೊರೆ ಇಳಿದಂತಾಯಿತು.

ಆ ಶನಿವಾರ ಗಂಟೆಗೊಮ್ಮೆ ಹೋಗಿ ಕಂಬ ನೋಡಿದೆ, ಗಂಟೆಗೊಮ್ಮೆ ಕೌನ್ಸಿಲ್‌ಗೆ ತಿಳಿಸಿದೆ. ಅವರು ಟೆಂಬಿ ಕಚೇರಿಗೆ ತಿಳಿಸಲು ನೋಡಿದರಂತೆ. ಶನಿವಾರ ಅಲ್ಲಿ ಫೋನ್ ಎತ್ತುವವರಿಲ್ಲ. ಇದು ನನಗೆ ಆಮೇಲೆ ಗೊತ್ತಾಯಿತು. ಒಂದು ಗಂಟೆಗೆ ಕಂಬದ ಹತ್ತಿರ ಹೋದಾಗ ಹದಿನೆಂಟು ಅಡಿ, ಸೇತುವೆ ಆಗಲೇ ಮುಳುಗಿತ್ತು. ಆಚೆ ದಡದಲ್ಲಿ ಪರ್ಸಿ ಅಂಕಲ್ ವರಾಂಡದಲ್ಲಿ ಕೂತು ಹುರುಳಿಕಾಯಿ ನಾರು ಬಿಡಿಸುತ್ತಿದ್ದರು. ನೀರು ಅವರ ಬೇಲಿಯ ಕೆಳತಂತಿ ಮುಟ್ಟಿತ್ತು. ತಲೆಯೆತ್ತಿ ನನ್ನನ್ನು ನೋಡಿ ಕೈ ಬೀಸಿದರು. ನಾನೂ ಬೀಸಿದೆ. ಅವರ ಕೌನ್ಸಿಲ್‌ನಿಂದ ಸುದ್ದಿ ಬಂದಿರುತ್ತದೆ, ಮುದುಕ ಹಟಮಾರಿ, ಕೊನೆಗೆ ಹೊರಡುತ್ತಾರೆ ಎಂದುಕೊಂಡೆ. ಅವರು ಏನಂದುಕೊಂಡಿರಬಹುದು ಎಂಬುದನ್ನು ಯೋಚಿಸಲೇ ಇಲ್ಲ. ಕಂಬ ಓದುವವಳು ಎದುರಿಗೆ ನಿಂತು ಕೈ ಬೀಸಿ ಮನೆಯೊಳಗೆ ಹೋದಳು, ಫೋನ್ ಬರಲಿಲ್ಲ. ಇನ್ನೇನು ಅಂದುಕೊಳ್ಳುತ್ತಾರೆ? ಅವರು ಹುರುಳಿಕಾಯಿ ಬಿಡಿಸುವುದನ್ನು ಮುಂದುವರಿಸಿದರು.

ಮಿಕ್ಕ ಆರು ಮನೆಯವರು ಅಂಗಳಕ್ಕೆ ನೀರು ಬಂದಾಗ ಹೇಗೋ ಓಡಿ ದಿಬ್ಬ ಹತ್ತಿದರು. ನಾಲ್ಕೂವರೆಗೆ ಪರ್ಸಿ ಅಂಕಲ್‌ನ ಅಡುಗೆಮನೆಗೆ ನೀರು ನುಗ್ಗಿತು. ಐದು ಗಂಟೆಗೆ ಕೆಲ್ ದೋಣಿ ತೆಗೆದುಕೊಂಡು ಹೋದಾಗ ಎಡಿ ಆಂಟಿ ಊಟದ ಮೇಜಿನ ಮೇಲೆ ಹಾಸಿಗೆ ಸಮೇತ ಮಲಗಿದ್ದರು. ಮೇಜು ತೇಲದ ಹಾಗೆ ಪರ್ಸಿ ಅಂಕಲ್ ತೊಡೆಮಟ್ಟ ನೀರಿನಲ್ಲಿ ನಿಂತು ಅದರ ಮೇಲೆ ತಮ್ಮ ಇಡೀ ಮೈಭಾರ ಬಿಟ್ಟಿದ್ದರು. ಎಪ್ಪತ್ತೊಂದು ವರ್ಷದವರು. ಬೆರಳು ಬಿಡಿಸಲು ಕೆಲ್‌ಗೆ ಬಹಳ ಹೊತ್ತು ಬೇಕಾಯಿತಂತೆ. ಅವರು ಮೊದಲು ಆಡಿದ ಮಾತು, ‘ಫೋನ್ ಬರ್ಲಿಲ್ಲ ಕಣೋ. ಲೈನ್ ಹೋಗಿರ್ಬೇಕು, ಪಾಪ ಆ ಹುಡುಗಿ ಅಲ್ಲಿ ಎಷ್ಟು ಒದ್ದಾಡ್ತಿದ್ದಾಳೋ.’ ನನ್ನ ಸುಳ್ಳನ್ನು ನಾನು ಹುಟ್ಟಿಸಲಿಲ್ಲ ಅಮ್ಮಾ. ಅವರೇ ಕೈಗೆ ಕೊಟ್ಟರು. ನಾನು ಬೇಡವೆನ್ನಲಿಲ್ಲ, ಅಷ್ಟೇ. ಕೆಲ್‌ಗೂ ಹೇಳಲಿಲ್ಲ. ಅವನು ಇವತ್ತಿಗೂ ತಂತಿಯನ್ನೇ ಬೈಯುತ್ತಾನೆ.

ಗೊತ್ತಿರುವವಳು ಒಬ್ಬಳೇ, ಎಕ್ಸ್‌ಚೇಂಜಿನ ವೀ ಕಾರ್ಮಡಿ. ಈ ಊರಿನ ಪ್ರತಿಯೊಂದು ಕರೆಯೂ ಅವಳ ಕೈಯಿಂದಲೇ ಹೋಗಬೇಕಲ್ಲ. ಹೋದ ವಾರ ಸ್ಟಾಂಪಿಗೆ ಹೋದಾಗ ನಾಲಿಗೆಯಲ್ಲಿ ಲಕೋಟೆ ಒದ್ದೆ ಮಾಡುತ್ತಾ ‘ಆ ಶನಿವಾರ ಬೆಳಗ್ಗೆಯಿಂದ ನಾನು ಬೋರ್ಡ್ ಮುಂದೇನೇ ಕೂತಿದ್ದೆ ಮ್ಯಾವಿಸ್, ಉಚ್ಚೆಗೂ ಎದ್ದಿಲ್ಲ’ ಎಂದಳು. ಮರುಕ್ಷಣವೇ ‘ಕುಂಬಳಕಾಯಿ ಸ್ಕೋನ್ ಮಾಡಿದೀನಿ, ಎರಡು ತಗೊಂಡು ಹೋಗು, ಕೆಲ್‌ಗೆ ಇಷ್ಟ’ ಎಂದು ಕಾಗದದಲ್ಲಿ ಸುತ್ತಿಕೊಟ್ಟಳು. ನಾನು ಮನೆಗೆ ಬಂದು ಎರಡನ್ನೂ ಕೆಲ್ ತಟ್ಟೆಗೇ ಹಾಕಿದೆ.

ಆದರೂ ಸುಮ್ಮನಿರುತ್ತಿದ್ದೆನೇನೋ. ಎಡಿ ಆಂಟಿ ಆಸ್ಪತ್ರೆಯಿಂದ ಮನೆಗೆ ಬಂದರು, ಎದೆಯಲ್ಲಿ ಕಫ ಕಟ್ಟಿದೆ, ಆದರೆ ಬೈಯುವಷ್ಟು ಶಕ್ತಿ ಇದೆ. ಎಲ್ಲ ಮರೆತುಹೋಗುತ್ತದೆ ಎಂದುಕೊಂಡೆ. ಆದರೆ ಹೋದ ಭಾನುವಾರ ಹಾಲ್‌ನ ಬಾಗಿಲಿಗೆ ಆಯೋಗಕ್ಕೆ ಬಂದ ಹೇಳಿಕೆಗಳನ್ನೆಲ್ಲ ಮೊಳೆ ಹೊಡೆದು ಹಾಕಿದ್ದರು. ಗಡಿ ಅಳಿಸಿ ಎಂದು ಊರಿನವರು ಕೊಟ್ಟ ಅರ್ಜಿಯ ಕೆಳಗೆ ಟ್ರೆಂಬತ್ ಅವರದು. ‘ಫೆಬ್ರವರಿಯ ಘಟನೆಗೆ ದೂರವಾಣಿ ತಂತಿಯ ವೈಫಲ್ಯ ಕಾರಣವೇ ಹೊರತು ಗಡಿ ಕಾರಣವಲ್ಲ. ಎರಡು ಕೌನ್ಸಿಲ್‌ಗಳ ವ್ಯವಸ್ಥೆಯಿಂದ ಯಾವ ನಿವಾಸಿಗೂ ಅಪಾಯವಾದ ನಿದರ್ಶನವಿಲ್ಲ. ಆದ್ದರಿಂದ ಬದಲಾವಣೆ ಅನಗತ್ಯ.’ ನಾನು ಎರಡು ಸಲ ಓದಿದೆ. ನನ್ನ ಸುಳ್ಳು ಅಲ್ಲಿ ನಾಲ್ಕು ಮೊಳೆ ಹೊಡೆಸಿಕೊಂಡು ನೇತಾಡುತ್ತಿತ್ತು. ಪಕ್ಕದಲ್ಲಿ ಪರ್ಸಿ ಅಂಕಲ್ ಕನ್ನಡಕ ಒರೆಸಿಕೊಂಡು ಓದುತ್ತಾ, ‘ಹೌದಪ್ಪ, ತಂತಿಗೆ ಯಾವ ಕೌನ್ಸಿಲ್ಲಾದ್ರೇನು’ ಎಂದರು. ಅವರೂ ಒಪ್ಪಿಬಿಟ್ಟರು. ಊರೆಲ್ಲ ಒಪ್ಪುತ್ತದೆ.

ಸುಮ್ಮನೆ ನಿನ್ನ ಹಾಗೆ ಕದ್ದು ಫೋನ್ ಮಾಡುತ್ತ ಹೋದರಾಯಿತಲ್ಲ, ಗಡಿ ಎಲ್ಲಿದ್ದರೇನು ಎಂದೂ ಯೋಚಿಸಿದೆ. ಆದರೆ ಮುಂದಿನ ವರ್ಷ ಕಂಬಕ್ಕೆ ತಂತಿ ಜೋಡಿಸಿ ಅಂಕಿ ನೇರವಾಗಿ ನಮ್ಮ ಕೌನ್ಸಿಲ್ ಕಚೇರಿಗೇ ಹೋಗುವ ಹಾಗೆ ಮಾಡುತ್ತಾರಂತೆ. ಆಮೇಲೆ ಹಿತ್ತಿಲಿಗೆ ಇಳಿದು ಓದುವವರೇ ಬೇಡ. ಕಣಿವೆಯ ಅಂಕಿಯೂ ನಮ್ಮ ಮನೆಗೆ ಬರುವುದಿಲ್ಲ. ಆಚೆ ದಡದ ಏಳು ಮನೆಯವರು ಮಾತ್ರ ಫೋನ್ ಕಡೆ ನೋಡುತ್ತ ಕೂತಿರುತ್ತಾರೆ, ಬರಲಿಲ್ಲವಲ್ಲ ಎಂದು ನೆಮ್ಮದಿಯಾಗಿ. ಗಡಿ ಹೋದರೆ ಮಾತ್ರ ಅವರಿಗೆ ಹೇಳುವುದು ಒಂದು ಕಚೇರಿಯ ಕೆಲಸವಾಗುತ್ತದೆ. ಗಡಿ ಹೋಗಬೇಕಾದರೆ ಅದು ಒಬ್ಬರನ್ನು ಮುಳುಗಿಸಲಿತ್ತು ಎಂದು ಯಾರಾದರೂ ತೋರಿಸಬೇಕು. ತೋರಿಸುವ ಕಾಗದ, ಟ್ರೆಂಬತ್ ಅವರ ಆ ಪತ್ರ, ನನ್ನ ಮೇಜಿನ ಖಾನೆಯಲ್ಲಿ, ಮೇಜುಬಟ್ಟೆಗಳ ಕೆಳಗೆ ಇದೆ.

ಕಣ್ಣು ಮುಚ್ಚಿದರೆ ಹಾಲ್ ಕಾಣುತ್ತದೆ. ಮಡಿಚುವ ಕುರ್ಚಿಗಳು, ಚಹಾದ ದೊಡ್ಡ ಪಾತ್ರೆ, ಗೋಡೆಯ ಮೇಲೆ ಯುದ್ಧಕ್ಕೆ ಹೋದವರ ಹೆಸರು, ಅದರಲ್ಲಿ ಅಪ್ಪನದು ಮೂರನೆಯದು. ನಾನು ಎದ್ದು ನಿಲ್ಲುತ್ತೇನೆ. ಎಲ್ಲರೂ ತಿರುಗುತ್ತಾರೆ. ಅಷ್ಟರವರೆಗೆ ಮಾತ್ರ ಕಾಣುತ್ತದೆ. ನಿನ್ನ ಹೆಸರಿನ ಮನೆಯಿಂದ ಇಂಥದ್ದು ನಡೆಯಿತಲ್ಲ ಎಂದು ನೀನು ಏನನ್ನುತ್ತೀಯೋ ಅದೂ ಕೇಳಿಸುವುದಿಲ್ಲ. ನೀನು ಬೈದರೆ ತಡೆದುಕೊಳ್ಳುತ್ತೇನೆ. ನಿನಗೆ ಸಿಟ್ಟು ಬಂದಾಗ ಸುಮ್ಮನೆ ಬಟ್ಟೆ ಮಡಿಚುತ್ತ ಕೂರುತ್ತೀಯಲ್ಲ, ಹಾಗೆ ಮಾತ್ರ ಮಾಡಬೇಡ.

ಬುಧವಾರದ ಟಪಾಲಿಗೆ ಇದನ್ನು ಹಾಕುತ್ತೇನೆ. ಧೈರ್ಯ ಇದ್ದರೆ. ಔಷಧಿ ತಪ್ಪಿಸಬೇಡ. ಡಾನ್ ಅಣ್ಣನಿಗೂ ಅತ್ತಿಗೆಗೂ ನನ್ನ ನೆನಪು ಹೇಳು. ಇದನ್ನು ಮಾತ್ರ ಅವರಿಗೆ ಓದಿ ಹೇಳಬೇಡ. ನಿನ್ನ ಕಂಬವನ್ನು ದಿನಾ ಬೆಳಗ್ಗೆ ಏಳಕ್ಕೆ ಓದುತ್ತಿದ್ದೇನೆ. ನಿನ್ನ ಎರಡೂ ಕೈಗೆ ಮುತ್ತು.

ನಿನ್ನ ಮಗಳು,
ಮ್ಯಾವಿಸ್

ತಾ.ಕ.: ಬುಧವಾರ, ಬೆಳಗ್ಗೆ ಹತ್ತೂವರೆ. ಟಪಾಲು ಟ್ರಕ್ಕು ಗೇಟಿನ ಮುಂದೆ ನಿಂತಿದೆ, ಐದು ನಿಮಿಷ ಕಾಯುತ್ತೇನೆ ಎಂದು ಡ್ರೈವರ್ ಹೇಳಿದ್ದಾನೆ. ನಿನ್ನೆಯಿಂದ ಮೇಲಿನ ಕಣಿವೆಯಲ್ಲಿ ಮಳೆ. ಒಂಬತ್ತೂವರೆಗೆ ಕಣಿವೆಯಿಂದ ಇಪ್ಪತ್ತಾರು ಎಂದು ಬಂತು, ನಮ್ಮದು ಹನ್ನೆರಡು. ಏಳು ಮನೆಗೂ ಮೊದಲು ಫೋನ್ ಮಾಡಿದೆ, ಕೌನ್ಸಿಲ್‌ಗೆ ಆಮೇಲೆ. ಪರ್ಸಿ ಅಂಕಲ್ ಎತ್ತಿದರು. ‘ಹನ್ನೆರಡು, ಏರ್ತಿದೆ, ಮೇಲೆ ಇಪ್ಪತ್ತಾರು’ ಎಂದೆ. ‘ಸರಿ’ ಎಂದರು. ಅವರು ಇಡುವ ಮುಂಚೆ ಎಲ್ಲವನ್ನೂ ಹೇಳಿಬಿಟ್ಟೆ. ಲೈನಿನ ನಡುವೆ ವೀ ಮೂಗು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಪರ್ಸಿ ಅಂಕಲ್ ‘ನಾನು ನಿಂಗೆ ಕೈ ಬೀಸಿದ್ನಲ್ಲೇ’ ಎಂದರು. ‘ನಾಳೆ ಹಾಲ್‌ನಲ್ಲಿ ಇದನ್ನೇ ಹೇಳ್ತೀಯಾ?’ ಹೇಳ್ತೀನಿ ಎಂದೆ. ‘ಹೇಳು. ಮುಂದಿನ ಸಾಲಲ್ಲೇ ಕೂತಿರ್ತೀನಿ. ಕ್ಷಮಿಸ್ಬಿಟ್ಟ ಅಂತ ಮಾತ್ರ ಅಂದ್ಕೋಬೇಡ. ಈಗ ಎಡಿನ ಎತ್ತೋಕೆ ಇಬ್ರು ಬೇಕು, ಕೆಲ್‌ನ ಕಳ್ಸು.’ ತಿರುಗಿದರೆ ಕೆಲ್ ಬಾಗಿಲಲ್ಲಿ ಬೂಟು ಕೈಯಲ್ಲಿ ಹಿಡಿದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ನನ್ನ ಕಡೆ ನೋಡದೆ ಬೂಟು ಹಾಕಿಕೊಂಡು ಟ್ರಾಕ್ಟರ್ ಹತ್ತಿ ಸೇತುವೆ ದಾಟಿದ. ಈ ನೀರಿನಲ್ಲಿ ನಾಳೆ ಆಯೋಗದವರು ಬರುತ್ತಾರೋ ಇಲ್ಲವೋ. ಟ್ರೆಂಬತ್ ಅವರ ಪತ್ರವನ್ನೂ ನಡೆದದ್ದನ್ನು ಬರೆದ ನನ್ನ ಕೈಬರಹದ ಎರಡು ಹಾಳೆಯನ್ನೂ ಆಯೋಗದ ವಿಳಾಸಕ್ಕೆ ಇದೇ ಟ್ರಕ್ಕಿಗೆ ಕೊಡುತ್ತಿದ್ದೇನೆ, ಇನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಕಂಬವನ್ನು ನಮ್ಮಿಂದ ಕಿತ್ತುಕೊಂಡರೆ ಬೇಜಾರು ಮಾಡಿಕೊಳ್ಳಬೇಡ ಅಮ್ಮಾ. ಈಗ ಹದಿನಾಲ್ಕೂವರೆ. ಹದಿನೇಳಕ್ಕೆ ಸೇತುವೆ ಮುಳುಗುತ್ತದೆ. ಪರ್ಸಿ ಅಂಕಲ್ ಅಂಗಳದಲ್ಲಿ ನಿಂತ ಟ್ರಾಕ್ಟರ್ ಇಲ್ಲಿಂದ ಕಾಣುತ್ತಿದೆ, ಅದರ ಮೇಲೆ ಇನ್ನೂ ಯಾರೂ ಇಲ್ಲ.